ಜಿಲ್ಲೆ ಕೊಟ್ಟ ಜೆ.ಎಚ್. ಪಟೇಲರನ್ನು ಚನ್ನಗಿರಿಯೇ ಯಾಕೆ ಸೋಲಿಸಿತು?

ಪಿ.ಬಿ. ರೋಡ್ ಪಯಣಿಗ:
ಚನ್ನಗಿರಿ, ಹೊನ್ನಾಳಿ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯಿತು. ಮಾಡಿದ್ದು ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲ್. ಅವರು ಚನ್ನಗಿರಿ ಶಾಸಕರು. ಎರಡು ವರ್ಷ ಕಳೆದು 1999ರ ಚುನಾವಣೆ ಬಂತು, ಅದೇ ಚನ್ನಗಿರಿ ಅವರನ್ನು ಮನೆಗೆ ಕಳಿಸಿತು. ಮುಖ್ಯಮಂತ್ರಿ ಕುರ್ಚಿಯಲ್ಲಿ ಇದ್ದವರು ಸ್ವಂತ ತಾಲ್ಲೂಕಲ್ಲಿ ಸೋಲುವುದು ಅಂದರೆ ಸಣ್ಣ ಮಾತಲ್ಲ, ಅಲ್ವಾ?

ದಾವಣಗೆರೆಯಲ್ಲಿ ಅವರ ಹೆಸರಿನ ಬಡಾವಣೆ ಇದೆ. ಅಲ್ಲಿ ಸೈಟ್ ರೇಟ್ ಎಷ್ಟು ಅಂತ ಎಲ್ಲರಿಗೂ ಬಾಯಿಪಾಠ. ಪಟೇಲರು ಏನು ಮಾಡಿದರು ಅಂತ ಕೇಳಿದರೆ ಮಾತ್ರ "ಜೋಕ್ ಹೇಳ್ತಿದ್ದ ಸಿಎಂ" ಅಂತ ಹೇಳಿ ಮುಗಿಸುತ್ತಾರೆ. ಬರೀ ಅಷ್ಟೇನಾ? ಶಾಸಕರಾಗಿ, ರಾಜಕಾರಣಿಯಾಗಿ ಅವರನ್ನು ಹೇಗೆ ತೂಗಬೇಕು? ಗೊತ್ತಿರುವವರು ಬರೆಯಿರಿ. ಈಗಿನ ಪಕ್ಷಗಳ ಜಗಳ ಇಲ್ಲಿ ತರಬೇಡಿ.

ಸೂಳೆಕೆರೆ ದಂಡೆ:
ಚನ್ನಗಿರಿಯವನೇ ಬಂದೆ ನೋಡಿ.

ಪಟೇಲರ ಊರು ಕಾರಿಗನೂರು. ಹುಟ್ಟಿದ್ದು 1930ರ ಅಕ್ಟೋಬರ್ 1. ಆಗ ನಮ್ಮ ತಾಲ್ಲೂಕು ಶಿವಮೊಗ್ಗ ಜಿಲ್ಲೆಯದ್ದು. ದಾವಣಗೆರೆಯವರು ಇದನ್ನು ಮರೆತೇ ಮಾತಾಡುತ್ತಾರೆ. ಅವರ ರಾಜಕೀಯ ಬೆಳೆದದ್ದು ಶಿವಮೊಗ್ಗದ ಸಮಾಜವಾದಿಗಳ ನಡುವೆ. ಶಾಂತವೇರಿ ಗೋಪಾಲಗೌಡರು, ಬಂಗಾರಪ್ಪ, ಕಾಗೋಡು ತಿಮ್ಮಪ್ಪ, ಎಲ್ಲ ಅದೇ ಬಳಗ. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗದ ಸಂಸದರಾದರು. ತುರ್ತು ಪರಿಸ್ಥಿತಿಯಲ್ಲಿ ಜೈಲು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ. 83ರಲ್ಲಿ ಗೆದ್ದರು, 85ರಲ್ಲಿ ಗೆದ್ದರು, 89ರಲ್ಲಿ ಸೋತರು, 94ರಲ್ಲಿ ಗೆದ್ದರು, 99ರಲ್ಲಿ ವಡ್ನಾಳ್ ರಾಜಣ್ಣ ಅವರ ಎದುರು ಮತ್ತೆ ಸೋತರು. ಚನ್ನಗಿರಿ ಅವರಿಗೆ ಯಾವತ್ತೂ ಗಿರವಿ ಬಿದ್ದ ಕ್ಷೇತ್ರ ಆಗಿರಲಿಲ್ಲ. ಅದನ್ನು ಮೊದಲು ತಿಳ್ಕೊಳ್ಳಿ.

ಈಗ ಯಾಕೆ ಅಂತ. ನಮ್ಮ ಮನೆ ಕಥೆ ಹೇಳ್ತೀನಿ. ದೊಡ್ಡಪ್ಪ ಪಟೇಲರ ಕಟ್ಟಾ ಅಭಿಮಾನಿ. ಅಪ್ಪ 94ರಲ್ಲಿ ಅವರಿಗೇ ವೋಟು ಹಾಕಿದವರು, 99ರಲ್ಲಿ ಹಾಕಲಿಲ್ಲ. ಅಪ್ಪನ ಲೆಕ್ಕ ಸರಳ. ಅಡಿಕೆ ಮಂಡಿ ಶಿವಮೊಗ್ಗದಲ್ಲಿ, ಆಸ್ಪತ್ರೆ ಅಂದರೆ ಶಿವಮೊಗ್ಗ, ಹೆಣ್ಣು ಕೊಟ್ಟದ್ದು ತಂದದ್ದು ಎಲ್ಲ ಆ ಕಡೆ. ದಾವಣಗೆರೆ ನಮಗೆ ಶಿವಮೊಗ್ಗಕ್ಕಿಂತ ದೂರ. "ನಮ್ಮೋನೇ ಸಿಎಂ ಆಗಿ ನಮ್ಮನ್ನೇ ದೂರದ ಊರಿಗೆ ಕಟ್ಟಿದ" ಅಂತ ಅಪ್ಪ ಬೈಯ್ಯುತ್ತಿದ್ದರು. ಆಗ ನಮ್ಮ ಜಮೀನಿನ ತಕರಾರು ಒಂದಿತ್ತು. ಜಿಲ್ಲೆ ಒಡೆದಾಗ ಆ ಫೈಲು ಹಳೇ ಕಚೇರಿಯಿಂದ ಹೊಸದಕ್ಕೆ ಹೋಗಬೇಕಿತ್ತು. ಅಲ್ಲಿ ಕೇಳಿದರೆ ಕಳಿಸಿದ್ದೀವಿ ಅಂತಾರೆ, ಇಲ್ಲಿ ಕೇಳಿದರೆ ಬಂದಿಲ್ಲ ಅಂತಾರೆ. ಕಡೆಗೆ ಹೊಸ ಕಚೇರಿಯ ಒಂದು ಮೂಲೆಯಲ್ಲಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟ ಕಾಗದದ ರಾಶಿಯಲ್ಲಿ ಅಪ್ಪನೇ ಕೂತು ಹುಡುಕಿ ತೆಗೆದರಂತೆ. ಗಂಟಿನ ಮೇಲೆ ತಾಲ್ಲೂಕಿನ ಹೆಸರೂ ಬರೆದಿರಲಿಲ್ಲ. ಆ ಸಿಟ್ಟು ಬೂತಿನವರೆಗೂ ಬಂತು.

ದುರ್ಗದ ಬುರುಜು:
ಪಯಣಿಗ ಅಣ್ಣ, ಜಿಲ್ಲೆ "ಕೊಟ್ಟರು" ಅಂತೀರಲ್ಲ, ಯಾರದ್ದು ಕಿತ್ತು ಕೊಟ್ಟರು ಅಂತಲೂ ಬರೆಯಿರಿ. ಚಿತ್ರದುರ್ಗಕ್ಕೆ ಒಂಬತ್ತು ತಾಲ್ಲೂಕು ಇದ್ದವು. ದಾವಣಗೆರೆ, ಹರಿಹರ, ಜಗಳೂರು ಹೋದವು. ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಉಳಿದವು. ಭದ್ರಾ ನಾಲೆ ಹರಿಯುವ ಗದ್ದೆ ಆ ಕಡೆ, ಜಾಲಿಮುಳ್ಳು ನಮ್ಮ ಕಡೆ. ಹತ್ತಿ ಗಿರಣಿ, ಮೆಡಿಕಲ್ ಕಾಲೇಜು, ದೊಡ್ಡ ವ್ಯಾಪಾರ ಎಲ್ಲ ದಾವಣಗೆರೆಯದ್ದೇ ಆಗಿತ್ತು, ಅದೂ ಹೋಯಿತು. ಹಿರಿಯೂರಿನ ವಾಣಿವಿಲಾಸ ಸಾಗರ ಬಿಟ್ಟರೆ ನೀರಾವರಿ ಅಂತ ಹೇಳಿಕೊಳ್ಳೋಕೆ ನಮಗೆ ಏನಿತ್ತು? ಭದ್ರಾ ಮೇಲ್ದಂಡೆ ನೀರು ಬರುತ್ತೆ ಬರುತ್ತೆ ಅಂತ ಇನ್ನೂ ಕಾಯ್ತಾ ಇದ್ದೀವಿ. 2023ರ ಕೇಂದ್ರ ಬಜೆಟ್‌ನಲ್ಲಿ ₹5,300 ಕೋಟಿ ಅಂತ ಓದಿದರು, ಕೇಳೋಕೆ ಚೆನ್ನಾಗಿತ್ತು.

ಹರಪನಹಳ್ಳಿ ಬಸ್ಸು:
ದುರ್ಗದವರೇ, ನಿಮ್ಮ ಸಂಕಟ ನಿಮಗೆ. ನಮ್ಮದು ಕೇಳಿ. ಬಳ್ಳಾರಿ ನಮ್ಮಿಂದ ನೂರು ಕಿಲೋಮೀಟರ್ ಮೇಲೆ. ಡಿಸಿ ಕಚೇರಿಯಲ್ಲಿ ಒಂದು ಸಹಿ ಬೇಕು ಅಂದರೆ ನಸುಕಿನ ಬಸ್ಸು ಹತ್ತಬೇಕಿತ್ತು. ಸಾಹೇಬರು ಕ್ಯಾಂಪ್ ಹೋಗಿದ್ದರೆ ಅವತ್ತಿನ ಕೂಲಿ, ಬಸ್ ಚಾರ್ಜು ಎರಡೂ ನೀರಿಗೆ. ದಾವಣಗೆರೆ ಅದರ ಅರ್ಧದಷ್ಟೂ ದೂರ ಇಲ್ಲ. ಪಟೇಲರು ನಮ್ಮನ್ನು ದಾವಣಗೆರೆಗೆ ಸೇರಿಸಿದಾಗ ನಮ್ಮ ಕಡೆ ಖುಷಿ ಪಟ್ಟವರೇ ಜಾಸ್ತಿ.

ಆಮೇಲೆ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಬಳ್ಳಾರಿಯಲ್ಲಿ ಇದ್ದಿದ್ದರೆ ಮೀಸಲಾತಿ ಸಿಗುತ್ತಿತ್ತು ಅಂತ ಹೋರಾಟ ಶುರುವಾಗಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋದೆವು, 2021ರಿಂದ ವಿಜಯನಗರ ಜಿಲ್ಲೆ. ಸಂತೆಗೆ, ಆಸ್ಪತ್ರೆಗೆ ಈಗಲೂ ದಾವಣಗೆರೆಗೇ ಬರ್ತೀವಿ. ಯಾರನ್ನು ಬೈಯ್ಯಬೇಕೋ ಗೊತ್ತಾಗಲ್ಲ.

ಮಂಡಕ್ಕಿ ಮೆಣಸಿನಕಾಯಿ:
ಒಂದು ವಿಷಯ ಬಿಟ್ಟುಹೋಗುತ್ತಿದೆ. ಪಟೇಲರು ದಾವಣಗೆರೆ ಒಂದನ್ನೇ ಮಾಡಲಿಲ್ಲ. ಆ ಆಗಸ್ಟ್‌ನಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಚಾಮರಾಜನಗರ, ಉಡುಪಿ, ದಾವಣಗೆರೆ, ಒಟ್ಟು ಏಳು ಜಿಲ್ಲೆ ಆದವು. 20 ಇದ್ದ ಜಿಲ್ಲೆ 27 ಆಯಿತು. ಈ ಬೇಡಿಕೆ ಅವರು ಹುಟ್ಟಿಸಿದ್ದೂ ಅಲ್ಲ. ಹುಂಡೇಕರ್ ಸಮಿತಿ, ಗದ್ದಿಗೌಡರ್ ಸಮಿತಿ ಎಲ್ಲ ಆಗಲೇ ವರದಿ ಕೊಟ್ಟಿದ್ದವು. ಹಿಂದಿನವರು ಯಾರೂ ಕೈ ಹಾಕಲಿಲ್ಲ. ಯಾಕಂದ್ರೆ ಯಾವ ತಾಲ್ಲೂಕು ಎಲ್ಲಿಗೆ ಅಂತ ನಿರ್ಧಾರ ಮಾಡಿದ ದಿನ ಅರ್ಧ ರಾಜ್ಯ ಬೈಯ್ಯುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಬೇರೆಯವರು ಕಪಾಟಿನಲ್ಲಿ ಇಟ್ಟ ವರದಿಯನ್ನು ಇವರು ತೆಗೆದರು. ಸೋಮಾರಿ ಸಿಎಂ ಅಂತ ಹೆಸರಿದ್ದ ಮನುಷ್ಯ ಮಾಡಿದ ಕೆಲಸ ಇದು, ನೋಡಿ.

ದಾವಣಗೆರೆಗೆ ಏನು ಸಿಕ್ಕಿತು ಅಂತ ಕೇಳುವವರಿಗೆ: ಜಿಲ್ಲಾ ಕೇಂದ್ರ ಆದ ಮೇಲೇ ಬಾಕಿ ಎಲ್ಲ ಬಂದದ್ದು. 2007ರಲ್ಲಿ ಮಹಾನಗರ ಪಾಲಿಕೆ, 2009ರಲ್ಲಿ ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ. ಅದಕ್ಕೂ ಮುಂಚೆ ತೋಳಹುಣಸೆಯಲ್ಲಿ ಇದ್ದದ್ದು ಕುವೆಂಪು ವಿವಿಯ ಪಿಜಿ ಸೆಂಟರ್. ನಮ್ಮಕ್ಕ ಒಂದು ಮಾರ್ಕ್ಸ್ ಕಾರ್ಡ್ ತಿದ್ದುಪಡಿಗೆ ಶಂಕರಘಟ್ಟಕ್ಕೆ ಅಲೆದದ್ದು ನನಗೆ ನೆನಪಿದೆ.

ಹಳೇ ಕೆಂಪು ಟೋಪಿ:
ಜಿಲ್ಲೆ ಜಿಲ್ಲೆ ಅಂತ ಎಲ್ಲ ಅಲ್ಲೇ ಸುತ್ತುತ್ತಿದ್ದೀರಿ. ನನಗೆ ವಯಸ್ಸಾಗಿದೆ, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಪಟೇಲರು ಸದನದ ಮನುಷ್ಯ. ಅವರನ್ನು ತೂಗಬೇಕಾದದ್ದು ಅಲ್ಲಿ. 1967ರಲ್ಲಿ ಲೋಕಸಭೆಗೆ ಹೋದರು. ವಯಸ್ಸು ಇನ್ನೂ 40 ಆಗಿಲ್ಲ. ಸದನದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಅದಕ್ಕೂ ಮೊದಲು ಅಲ್ಲಿ ಯಾರೂ ಕನ್ನಡದಲ್ಲಿ ಭಾಷಣ ಮಾಡಿರಲಿಲ್ಲ. ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಅದಕ್ಕೆ ಅವಕಾಶ ಕೊಟ್ಟರು. ಇಂಗ್ಲಿಷ್ ಬಾರದೆ ಹಾಗೆ ಮಾಡಿದ್ದಲ್ಲ, ಚೆನ್ನಾಗಿ ಬರುತ್ತಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಆಗ ಅದೇ ಸದನದಲ್ಲಿ ಇದ್ದರು, ಜನರ ಭಾಷೆಯಲ್ಲಿ ಆಡಳಿತ ನಡೆಯಬೇಕು ಅಂತ ಹಟ ಹಿಡಿದವರು, ಆ ವರ್ಷ ಅಕ್ಟೋಬರ್‌ನಲ್ಲೇ ತೀರಿಕೊಂಡರು. ಪಟೇಲರು ಆ ಹಟವನ್ನು ಕಾರಿಗನೂರಿನ ಕನ್ನಡದಲ್ಲಿ ಮಾಡಿ ತೋರಿಸಿದರು. ನಾವು ಹುಡುಗರು ಆಗ ಇದನ್ನು ಪೇಪರಿನಲ್ಲಿ ಓದಿ ಎಷ್ಟು ಕುಣಿದಾಡಿದ್ದೆವು ಅಂದರೆ, ಹೋಟೆಲಿನವನು ಹೊರಗೆ ಹೋಗಿ ಅಂದಿದ್ದ.

ಆಮೇಲೆ ವಿಧಾನಸಭೆ. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಮಂತ್ರಿ. 94ರಲ್ಲಿ ದೇವೇಗೌಡರ ಜೊತೆ ಉಪಮುಖ್ಯಮಂತ್ರಿ. ಗೌಡರು ಪ್ರಧಾನಿ ಆಗಿ ದೆಹಲಿಗೆ ಹೊರಟಾಗ, 1996ರ ಮೇ 31ಕ್ಕೆ ಮುಖ್ಯಮಂತ್ರಿ. ಲೋಹಿಯಾ ಶಿಷ್ಯರಲ್ಲಿ ಎಷ್ಟು ಜನ ಆ ಕುರ್ಚಿವರೆಗೆ ಬಂದರು ಹೇಳಿ. ಬಂದು ಮೂರು ವರ್ಷದ ಮೇಲೆ ಉಳಿದರು. ಅದೂ ಎಂಥ ಪಕ್ಷ ಇಟ್ಟುಕೊಂಡು? ದಿನಕ್ಕೊಂದು ಬಣ ಏಳುತ್ತಿದ್ದ ಜನತಾದಳ ಇಟ್ಟುಕೊಂಡು. ಎದುರು ಪಕ್ಷದವರು ಕೆರಳಿ ನಿಂತರೆ ಇವರು ಒಂದು ಹಳ್ಳಿ ಕಥೆ ಹೇಳಿ ಕೂತುಬಿಡುತ್ತಿದ್ದರು. ಬೈಯ್ಯೋಕೆ ಬಂದವರು ನಕ್ಕು ಕೂರಬೇಕಿತ್ತು. ಜೋಕ್ ಹೇಳ್ತಿದ್ದ ಸಿಎಂ ಅಂತೀರಲ್ಲ, ಆ ಜೋಕುಗಳ ಮೇಲೇ ಸರ್ಕಾರ ನಿಂತಿತ್ತು.

ಕೆಪಿಎಸ್‌ಸಿ ಹುಡುಗಿ:
ಅಜ್ಜಾರೇ, ಒಂದು ಪ್ರಶ್ನೆ. ಲೋಕಸಭೆಯಲ್ಲಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡೋಕೆ ಕಾನೂನಿನಲ್ಲಿ ಅವಕಾಶ ಇತ್ತಾ? 120ನೇ ವಿಧಿ ಓದಿದ್ದೀನಿ, ಎರಡು ಭಾಷೆಯಲ್ಲಿ ಸರಿಯಾಗಿ ಹೇಳೋಕೆ ಆಗದವರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಅಂತ ಇದೆ. ಪಟೇಲರಿಗೆ ಇಂಗ್ಲಿಷ್ ಬರುತ್ತಿತ್ತು ಅಂದರೆ ಹೇಗೆ?

ಹಳೇ ಕೆಂಪು ಟೋಪಿ:
ಚೆನ್ನಾಗಿ ಓದಿದ್ದೀಯಮ್ಮಾ. ವಿಧಿ ಅದೇ. ಸಂವಿಧಾನ ಬಂದು ಆಗಲೇ ಹದಿನೇಳು ವರ್ಷ. ಆದರೂ ನಮ್ಮ ಕಡೆಯವರು ಯಾರೂ ಆ ಬಾಗಿಲು ತಟ್ಟಿರಲಿಲ್ಲ. ಸರಿಯಾಗಿ ಹೇಳೋಕೆ ಆಗುತ್ತೋ ಇಲ್ಲವೋ ಅಂತ ಅಳೆಯುವವರು ಯಾರು? ನನ್ನ ಜನರ ಕಷ್ಟ ನನ್ನ ಭಾಷೆಯಲ್ಲೇ ಸರಿಯಾಗಿ ಹೇಳೋಕೆ ಆಗೋದು ಅಂತ ಒಬ್ಬ ಸದಸ್ಯ ನಿಂತರೆ ಸ್ಪೀಕರ್ ಇಲ್ಲ ಅನ್ನಲಿಕ್ಕೆ ಆಗಲ್ಲ. ಇಂದು ಕನ್ನಡದಲ್ಲಿ ಮಾತಾಡಿದರೆ ಅಲ್ಲೇ ಕೂತು ಅನುವಾದ ಮಾಡುವವರು ಇದ್ದಾರೆ.

ನಿದ್ದೆಗೆಟ್ಟ ಗಿರಣಿ:
ಎಲ್ಲ ಸರಿ, ಭಜನೆ ಸ್ವಲ್ಪ ಜಾಸ್ತಿ ಆಯಿತು. ಇನ್ನೊಂದು ಮಗ್ಗುಲೂ ಬರಲಿ.

ಪಟೇಲರ ಕಾಲದಲ್ಲಿ ಆಡಳಿತಕ್ಕೆ ವೇಗ ಇರಲಿಲ್ಲ ಅನ್ನುವುದು ಆಗಿನ ಎಲ್ಲ ಪೇಪರಿನ ಮಾತು. ಕಡತ ಕೂತಲ್ಲೇ ಕೂರುತ್ತಿತ್ತು, ಮಂತ್ರಿಗಳು ತಮ್ಮ ತಮ್ಮ ಇಲಾಖೆಗೆ ತಾವೇ ಸಾಮಂತರು. ಮುಖ್ಯಮಂತ್ರಿ ಗದರಿಸುವವರಲ್ಲ. ಕುಡಿತದಂಥ ತಮ್ಮ ದೌರ್ಬಲ್ಯ ಬಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಅಂತ ಅವರನ್ನು ಹೊಗಳುತ್ತಾರೆ. ಹೇಳಿಕೊಂಡರೆ ಆಯಿತಾ? ಹಳ್ಳಿಯಲ್ಲಿ ಗಂಡಂದಿರ ಕುಡಿತದಿಂದ ಬೇಸತ್ತ ಹೆಂಗಸರಿಗೆ ಆ ಮಾತು ಹೇಗೆ ಕೇಳಿಸಿರಬಹುದು? ಗಂಡಸರು ನಕ್ಕರು, ಪೇಪರಿನವರು ಬರೆದುಕೊಂಡರು. ವೋಟಿನ ಪೆಟ್ಟಿಗೆ ಮುಂದೆ ಹೆಂಗಸರೂ ನಿಂತಿದ್ದರಲ್ಲ.

ಒಳ್ಳೆಯದನ್ನೂ ಹೇಳ್ತೀನಿ. 1997ರ ಐಟಿ ನೀತಿ ಅವರ ಕಾಲದ್ದು. ಬೆಂಗಳೂರಿನ ಐಟಿ ಅಂದರೆ ಎಲ್ಲರೂ ಎಸ್.ಎಂ. ಕೃಷ್ಣ ಅಂತಾರೆ, ಆ ನೀತಿಯ ಹಿಂದೆ ಪಟೇಲರ ಸರ್ಕಾರ ಇತ್ತು. ಕೆಇಬಿ ಹೋಗಿ ಕೆಪಿಟಿಸಿಎಲ್ ಆದದ್ದು, ಬಿಎಂಟಿಸಿ ಬೇರೆ ಆದದ್ದು, ಹುಬ್ಬಳ್ಳಿಯಲ್ಲಿ ವಾಯವ್ಯ ಸಾರಿಗೆ ಆದದ್ದು, ನೀರಾವರಿ ನಿಗಮ ಆದದ್ದು ಎಲ್ಲ ಆ ಮೂರು ವರ್ಷದಲ್ಲಿ. ಇವು ಯಾವುದೂ ಚನ್ನಗಿರಿ ರೈತನ ಕೈಗೆ ಬಂದು ಸಿಗುವಂಥದ್ದಲ್ಲ. ಸಿಎಂ ಆಗಿ ಮಾಡಿದ ಕೆಲಸಕ್ಕೆ ಶಾಸಕನಾಗಿ ವೋಟು ಬೀಳಲ್ಲ.

ಸೂಳೆಕೆರೆ ದಂಡೆ:
ಗಿರಣಿ ಅವರು ಹೇಳಿದ ಕೊನೇ ಮಾತಿಗೆ ನನ್ನದೂ ಒಂದು ವೋಟು. ನಮ್ಮ ಕಡೆ ಶಾಸಕ ಅಂದರೆ ಮದುವೆಗೆ ಬರಬೇಕು, ಸಾವಿಗೆ ಬರಬೇಕು, ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಫೋನ್ ಮಾಡಬೇಕು. ಪಟೇಲರು ಈ ಕೆಲಸ ಮಾಡುವ ಪೈಕಿ ಅಲ್ಲ. ದೊಡ್ಡಪ್ಪನೇ ಹೇಳ್ತಾರೆ, ಊರಿಗೆ ಬಂದರೆ ಜಗುಲಿ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ, ಅರ್ಜಿ ಕೊಟ್ಟರೆ ಮಾತ್ರ ಜೇಬಿಗೆ ಹಾಕಿಕೊಂಡು ಮರೆತುಬಿಡುತ್ತಿದ್ದರಂತೆ. ಮಾತು ಕೇಳೋಕೆ ಚೆಂದ, ಅರ್ಜಿ ಕೊಟ್ಟವನಿಗೆ ಮಾತ್ರ ಹೊಟ್ಟೆ ಉರಿ.

ಹೊನ್ನಾಳಿ ಹೊಳೆ:
ನೀವೆಲ್ಲ 99ರ ದೊಡ್ಡ ವಿಷಯವನ್ನೇ ಬಿಟ್ಟಿದ್ದೀರಿ. ಆ ಸಲ ಪಟೇಲರು ಯಾವ ಪಕ್ಷದಿಂದ ನಿಂತರು? ಅದು ಹೇಳದೆ ಸೋಲಿನ ಬಗ್ಗೆ ಬರೆದರೆ ಏನು ಬಂತು?

94ರಲ್ಲಿ ಜನತಾದಳಕ್ಕೆ 115 ಸೀಟು, 224ರ ಸದನದಲ್ಲಿ ಸ್ವಂತ ಬಲ. ಐದು ವರ್ಷದಲ್ಲಿ ಅದನ್ನು ಹೇಗೆ ಕಳೆದರು ನೋಡಿ. ಮೊದಲು ಹೆಗಡೆಯವರನ್ನು ಉಚ್ಚಾಟನೆ ಮಾಡಿದರು. ಅವರು ಲೋಕಶಕ್ತಿ ಕಟ್ಟಿ ಬಿಜೆಪಿ ಜೊತೆ ಹೋದರು. 98ರ ಲೋಕಸಭೆಯಲ್ಲಿ ಜನತಾದಳಕ್ಕೆ ಬಂದದ್ದು ಮೂರೇ ಸೀಟು. 1999ರ ಜುಲೈನಲ್ಲಿ ಪಟೇಲರು ವಿಧಾನಸಭೆ ವಿಸರ್ಜನೆ ಮಾಡಿ, ಲೋಕಸಭೆ ಜೊತೆಗೇ ಚುನಾವಣೆಗೆ ಹೋದರು. ದಳ ಎರಡಾಯಿತು. ಗೌಡರು, ಸಿದ್ದರಾಮಯ್ಯ ಜೆಡಿಎಸ್. ಪಟೇಲರು ಹೆಗಡೆ ಕಡೆ, ಜೆಡಿಯು, ಅಂದರೆ ಬಿಜೆಪಿ ಜೊತೆ ಮೈತ್ರಿ. ಬಿಜೆಪಿಯ ರಾಜ್ಯದ ನಾಯಕರಿಗೇ ಅದು ಬೇಡವಾಗಿತ್ತು. ನಿನ್ನೆವರೆಗೆ ಈ ಸರ್ಕಾರ ಸರಿ ಇಲ್ಲ ಅಂತ ಬೀದಿಯಲ್ಲಿ ಕೂಗಿದವರು ಇವತ್ತು ಅದೇ ಮುಖ್ಯಮಂತ್ರಿಗೆ ವೋಟು ಕೇಳೋದು ಹೇಗೆ?

ಫಲಿತಾಂಶ ಗೊತ್ತಲ್ಲ. ಕಾಂಗ್ರೆಸ್ 132, ಬಿಜೆಪಿ 44, ಜೆಡಿಯು 18, ಜೆಡಿಎಸ್ 10. ಆ ಗಾಳಿಯಲ್ಲಿ ಚನ್ನಗಿರಿ ಒಂದು ಉಳಿಯೋದು ಹೇಗೆ? ನಿಮ್ಮಪ್ಪನ ಫೈಲು, ಜಿಲ್ಲಾ ಕೇಂದ್ರದ ದೂರ ಎಲ್ಲ ನಿಜ ಇರಬಹುದು ಸೂಳೆಕೆರೆ ಅವರೇ. ನಮ್ಮ ಹೊನ್ನಾಳಿಗೂ ಶಿವಮೊಗ್ಗವೇ ಹತ್ತಿರ, ನಮ್ಮವರೂ ಗೊಣಗಿದರು. ಆದರೆ ದಳ ಒಡೆಯದೆ ಇದ್ದಿದ್ದರೆ ಪಟೇಲರು ಗೆಲ್ಲುತ್ತಿದ್ದರು ಅಂತ ನನ್ನ ನಂಬಿಕೆ.

ಹಳೇ ಕೆಂಪು ಟೋಪಿ:
ಬಿಜೆಪಿ ಜೊತೆ ಹೋದದ್ದು ನನಗೂ ನುಂಗಲಾರದ ತುತ್ತು. ಪಟೇಲರ ಪರವಾಗಿ ಒಂದು ಮಾತು ಹೇಳಬಹುದು: 1967ರಲ್ಲಿ ಕಾಂಗ್ರೆಸ್ ಸೋಲಿಸಬೇಕು ಅಂತ ಲೋಹಿಯಾವಾದಿಗಳು ಉತ್ತರದಲ್ಲಿ ಈ ಬಿಜೆಪಿಯ ಹಿಂದಿನ ರೂಪವಾದ ಜನಸಂಘದ ಜೊತೆ ಸರ್ಕಾರ ಮಾಡಿದ್ದುಂಟು. ದಾರಿ ಹಳೆಯದೇ. ಆದರೆ 67ರಲ್ಲಿ ಕಾಂಗ್ರೆಸ್ ಎಲ್ಲೆಲ್ಲೂ ಇತ್ತು, 99ರಲ್ಲಿ ಇವರೇ ಅಧಿಕಾರದಲ್ಲಿ ಇದ್ದರು. ಯಾರನ್ನು ಇಳಿಸಲಿಕ್ಕೆ ಮೈತ್ರಿ? ಗೌಡರನ್ನು ತಾನೇ? ಹಾಗಂತ ಆಗಲೇ ನಮ್ಮ ಗೆಳೆಯರ ಎದುರು ಅಂದಿದ್ದೆ, ಇಬ್ಬರು ಮಾತು ಬಿಟ್ಟರು.

ದುರ್ಗದ ಬುರುಜು:
ಸ್ವಂತ ಊರಲ್ಲಿ ಸೋತ ದೊಡ್ಡವರು ಅಂದರೆ ಪಟೇಲರು ಮೊದಲನೆಯವರಲ್ಲ. ನಮ್ಮ ನಿಜಲಿಂಗಪ್ಪನವರನ್ನು ಮರೆತಿರಾ? ರಾಜ್ಯ ಏಕೀಕರಣ ಆದಾಗ ಮೊದಲ ಮುಖ್ಯಮಂತ್ರಿ. 1962ರಲ್ಲಿ ನಮ್ಮ ಹೊಸದುರ್ಗದಲ್ಲೇ ಸೋತರು. ಪಕ್ಷ ಗೆದ್ದಿದೆ, ನಾಯಕ ಸೋತಿದ್ದಾರೆ. ಎಸ್.ಆರ್. ಕಂಠಿ ಅವರು ಕೆಲವು ತಿಂಗಳು ಕುರ್ಚಿ ನೋಡಿಕೊಂಡರು. ಬಾಗಲಕೋಟೆಯಲ್ಲಿ ಸೀಟು ಖಾಲಿ ಮಾಡಿಸಿ, ಅಲ್ಲಿಂದ ಆರಿಸಿ ಬಂದು ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿ ಆದರು, 1968ರವರೆಗೆ ಇದ್ದರು. 67ರ ಚುನಾವಣೆಗೂ ಅವರು ಹೊಸದುರ್ಗಕ್ಕೆ ವಾಪಸ್ ಬರಲಿಲ್ಲ, ಶಿಗ್ಗಾವಿಗೆ ಹೋದರು.

ವ್ಯತ್ಯಾಸ ನೋಡಿ. 62ರಲ್ಲಿ ನಾಯಕನಿಗಾಗಿ ಇನ್ನೊಬ್ಬ ಶಾಸಕ ಸೀಟು ಬಿಟ್ಟುಕೊಡುತ್ತಾನೆ, ಇನ್ನೊಬ್ಬ ಸಿಎಂ ಕುರ್ಚಿಯನ್ನೇ ಬಿಟ್ಟುಕೊಡುತ್ತಾನೆ. 99ರಲ್ಲಿ ಪಟೇಲರ ಹಿಂದೆ ಹಾಗೆ ನಿಲ್ಲೋ ಪಕ್ಷವೇ ಇರಲಿಲ್ಲ.

ಹರಪನಹಳ್ಳಿ ಬಸ್ಸು:
"ನಮ್ಮ ನಿಜಲಿಂಗಪ್ಪ" ಅಂತೀರಾ? ಹುಟ್ಟಿದ್ದು ನಮ್ಮ ತಾಲ್ಲೂಕಿನ ಹಲುವಾಗಲು ಸ್ವಾಮಿ. ವಕೀಲಿ ಮಾಡೋಕೆ ದುರ್ಗಕ್ಕೆ ಬಂದರು, ನೀವು ಇಟ್ಟುಕೊಂಡಿರಿ.

ದುರ್ಗದ ಬುರುಜು:
ಇಟ್ಟುಕೊಂಡೆವು, ಹೌದು. ತೀರಿಕೊಂಡದ್ದೂ ಇಲ್ಲೇ. 2000ದ ಆಗಸ್ಟ್ 8. ಅದೇ ವರ್ಷ ಡಿಸೆಂಬರ್ 12ಕ್ಕೆ ಪಟೇಲರು ಬೆಂಗಳೂರಿನಲ್ಲಿ ಹೋದರು. ಒಬ್ಬರಿಗೆ 97, ಇನ್ನೊಬ್ಬರಿಗೆ 70. ಸೋತ ಮೇಲೆ ಒಂದು ವರ್ಷ ಚಿಲ್ಲರೆ ಅಷ್ಟೇ ಬದುಕಿದ್ದರು.

ಮಂಡಕ್ಕಿ ಮೆಣಸಿನಕಾಯಿ:
ಶಾಸಕ ಅಂದರೆ ಮದುವೆ, ಸಾವು, ಟಿಸಿ ಅಂತ ಸೂಳೆಕೆರೆ ಅವರು ಬರೆದರಲ್ಲ, ಅದಕ್ಕೆ ದಾವಣಗೆರೆಯ ಪಂಪಾಪತಿಯವರನ್ನು ನೆನೆಸಿಕೊಳ್ಳಿ. ಸಿಪಿಐ. 78, 83, 85, ಮೂರು ಸಲ ಗೆದ್ದರು. ಗಿರಣಿ ಕಾರ್ಮಿಕರ ನಡುವೆ ಇದ್ದವರು. ದುಡ್ಡಿನ ಊರು ಅಂತ ಹೆಸರಿರುವ ದಾವಣಗೆರೆ ಕೆಂಪು ಬಾವುಟಕ್ಕೆ ಮೂರು ಸಲ ವೋಟು ಹಾಕಿದೆ ಅಂದರೆ ಈಗಿನ ಹುಡುಗರು ನಂಬಲ್ಲ. 89ರಲ್ಲಿ ಸೀಟು ಕಾಂಗ್ರೆಸ್‌ಗೆ ಹೋಯಿತು, 94ರಿಂದ ಶಾಮನೂರು ಶಿವಶಂಕರಪ್ಪನವರ ಕಾಲ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಗಿರಣಿ ಇಲ್ಲದ ಮೇಲೆ ಗಿರಣಿಯ ಶಾಸಕನೂ ಇಲ್ಲ. ಇದರ ಮೇಲೆ ಬೇರೆಯೇ ಚರ್ಚೆ ಮಾಡಬೇಕು.

ಪಿ.ಬಿ. ರೋಡ್ ಪಯಣಿಗ:
ಇಷ್ಟು ಓದಿದ ಮೇಲೆ ನನಗೆ ಅನ್ನಿಸುವುದು ಹೇಳ್ತೀನಿ, ಒಪ್ಪದಿದ್ದರೆ ಬೈಯ್ಯಿರಿ. ಹೊನ್ನಾಳಿ ಅವರ ಲೆಕ್ಕ ರಾಜ್ಯದ ಸೋಲನ್ನು ವಿವರಿಸುತ್ತೆ, ಚನ್ನಗಿರಿಯ ಸೋಲನ್ನು ಪೂರ್ತಿ ವಿವರಿಸಲ್ಲ. ಆ ಗಾಳಿಯಲ್ಲೂ ಜೆಡಿಯುಗೆ 18 ಕಡೆ ಗೆಲುವು ಸಿಕ್ಕಿದೆ. ಆ ಹದಿನೆಂಟರಲ್ಲಿ ಮುಖ್ಯಮಂತ್ರಿಯದ್ದೇ ಇಲ್ಲ ಅಂದರೆ ಊರಿನ ಸಿಟ್ಟೂ ಇರಲೇಬೇಕು. ನಾವು ದಾವಣಗೆರೆಯವರು ಯಾವ ಕೆಲಸಕ್ಕೆ ಅವರ ಹೆಸರು ಬಡಾವಣೆಗೆ ಇಟ್ಟೆವೋ, ಅದೇ ಕೆಲಸಕ್ಕೆ ಚನ್ನಗಿರಿಯವರು ಮುಖ ತಿರುಗಿಸಿದ್ದಾರೆ. ಅವರು ತಮ್ಮ ತಾಲ್ಲೂಕನ್ನು ಶಿವಮೊಗ್ಗದಲ್ಲೇ ಬಿಟ್ಟು ಬಾಕಿ ಜಿಲ್ಲೆ ಮಾಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಸ್ವಂತ ಕ್ಷೇತ್ರವನ್ನೂ ಸೇರಿಸಿದರು. ಲಾಭದ ರಾಜಕಾರಣಿ ಆ ಕೆಲಸ ಮಾಡಲ್ಲ.

ಸೂಳೆಕೆರೆ ದಂಡೆ:
ಲಾಭ ನೋಡದೆ ಮಾಡಿದರು ಅನ್ನೋದು ಒಂದು ಓದು. ಚನ್ನಗಿರಿಯವರು ಏನು ಮಾಡಿದರೂ ತನಗೇ ವೋಟು ಹಾಕ್ತಾರೆ ಅಂದುಕೊಂಡಿದ್ದರು ಅನ್ನೋದು ಇನ್ನೊಂದು. ನಮ್ಮಪ್ಪ ಎರಡನೆಯದನ್ನೇ ನಂಬೋದು. ಇನ್ನೊಂದು ತಮಾಷೆ, ಜಿಲ್ಲೆ ದಾವಣಗೆರೆ ಆದರೂ 2008ರ ಕ್ಷೇತ್ರ ವಿಂಗಡಣೆವರೆಗೆ ಲೋಕಸಭೆಗೆ ನಾವು ಶಿವಮೊಗ್ಗದ ಮತದಾರರೇ. ಹತ್ತು ವರ್ಷ ಡಿಸಿ ಒಂದು ಊರಲ್ಲಿ, ಎಂಪಿ ಇನ್ನೊಂದು ಊರಲ್ಲಿ.

ಕೆಪಿಎಸ್‌ಸಿ ಹುಡುಗಿ:
ಅಜ್ಜಾರೇ, ಪಟೇಲರ ಸದನದ ಭಾಷಣ ಓದೋಕೆ ಎಲ್ಲಿ ಸಿಗುತ್ತೆ? ಆನ್‌ಲೈನ್‌ನಲ್ಲಿ ಹುಡುಕಿದರೆ ಬರೀ ಜೋಕುಗಳೇ ಬರ್ತಿವೆ.

ಹಳೇ ಕೆಂಪು ಟೋಪಿ:
ಲೋಕಸಭೆಯ ಹಳೇ ಚರ್ಚೆಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಇವೆ, 1967ರಿಂದ ಶುರುಮಾಡು, ನಾಲ್ಕನೇ ಲೋಕಸಭೆ. ವಿಧಾನಸಭೆಯದ್ದಾದರೆ ವಿಧಾನಸೌಧದ ಶಾಸಕಾಂಗ ಗ್ರಂಥಾಲಯದಲ್ಲಿ ನಡವಳಿಗಳ ಸಂಪುಟ ಇಟ್ಟಿದ್ದಾರೆ. 83ರಿಂದ 89ರವರೆಗಿನದ್ದನ್ನು ಮೊದಲು ನೋಡು, ಆಗ ಎರಡೂ ಕಡೆ ಒಳ್ಳೇ ಮಾತುಗಾರರು ಇದ್ದರು. ಜೋಕು ಅಲ್ಲೂ ಸಿಗುತ್ತೆ, ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಅನ್ನೋದೂ ಸಿಗುತ್ತೆ.